ಕೋಟಿಗೊಂದು ಘಟನೆಯನ್ನು ಬೇಕಾದಾಗ ಆಗಿಸಬಹುದೇ?

ಪ್ರಶ್ನೆ: ಸರ್, ನಾನು ಅನ್ವಯಿಕ ಗಣಿತದಲ್ಲಿ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ‘ಜನಸಂಖ್ಯೆ ಮತ್ತು ರಾಸಾಯನಿಕ ಕ್ರಿಯೆಗಳ ಯಾದೃಚ್ಛಿಕ ಮಾದರಿಗಳಲ್ಲಿ ಅಪರೂಪದ ಘಟನೆಗಳ ನಿಯಂತ್ರಣ’ ಅನ್ನುವ ವಿಷಯ ಸಿಕ್ಕಿದೆ. ಆಕಸ್ಮಿಕವಾಗಿ ಆಗುವುದನ್ನು ನಿಯಂತ್ರಿಸುವುದು ಅಂದರೆ ಏನು ಅಂತಲೇ ಅರ್ಥವಾಗುತ್ತಿಲ್ಲ. ಊರಲ್ಲಿ ಹರಡುವ ರೋಗಕ್ಕೂ ಜೀವಕೋಶದೊಳಗಿನ ಅಣುಗಳಿಗೂ ಒಂದೇ ಲೆಕ್ಕ ಹೇಗೆ ಹೊಂದುತ್ತದೆ? ಇನ್ನೊಂದು ತೊಂದರೆ: ಕಂಪ್ಯೂಟರಿನಲ್ಲಿ ಲಕ್ಷಾಂತರ ಸಲ ಓಡಿಸಿದರೂ ನನಗೆ ಬೇಕಾದ ಘಟನೆ ಒಮ್ಮೆಯೂ ಕಾಣಿಸುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಕೊನೆಯ ಮಾತಿಗೆ ಸಮಾಧಾನ ಹೇಳಿಬಿಡುತ್ತೇನೆ. ನಿಮ್ಮ ಪ್ರೋಗ್ರಾಂ ಬಹುಶಃ ಸರಿಯಾಗಿಯೇ ಇದೆ. ಘಟನೆ ಅಷ್ಟು ಅಪರೂಪ, ಅಷ್ಟೇ. ಅದನ್ನು ಕಾಣುವಂತೆ ಮಾಡುವ ಉಪಾಯಕ್ಕೂ ‘ನಿಯಂತ್ರಣ’ಕ್ಕೂ ಹತ್ತಿರದ ನಂಟಿದೆ. ಹಾಗಾಗಿ ನಿಯಂತ್ರಣದಿಂದಲೇ ಶುರು ಮಾಡೋಣ.

ಇಲ್ಲಿ ನಿಯಂತ್ರಣ ಅಂದರೆ ಘಟನೆಯನ್ನು ಇಂಥ ದಿನವೇ ಆಗುವಂತೆ ಮಾಡುವುದಲ್ಲ. ಅದು ಆಗುವ ಸಂಭವನೀಯತೆಯನ್ನು ಬದಲಾಯಿಸುವುದು. ಅಪರೂಪದ ಘಟನೆಗಳ ಸಂಭವನೀಯತೆಗೆ ಒಂದು ಗುಣವಿದೆ. ವ್ಯವಸ್ಥೆಯ ಗಾತ್ರ, ಹರಡುವ ವೇಗ, ಸಾಯುವ ವೇಗ ಎಲ್ಲವೂ ಅದರ ಘಾತದಲ್ಲಿ ಕೂತಿರುತ್ತವೆ. ಆದ್ದರಿಂದ ಸರಾಸರಿಯಲ್ಲಿ ಕಣ್ಣಿಗೂ ಕಾಣದಷ್ಟು ಚಿಕ್ಕ ಬದಲಾವಣೆ ಮಾಡಿದರೂ ಅಪರೂಪದ ಘಟನೆಯ ದರ ಸಾವಿರ ಪಟ್ಟು, ಲಕ್ಷ ಪಟ್ಟು ಬದಲಾಗಬಹುದು. ಈ ಕ್ಷೇತ್ರದ ಬಂಡವಾಳವೆಲ್ಲ ಇದೇ.

ಅತಿ ಸರಳ ಮಾದರಿ ತಗೊಳ್ಳಿ. ಒಬ್ಬ ಸೋಂಕಿತ ಗುಣವಾಗುವ ಮೊದಲು ಸರಾಸರಿ ಒಂದೂವರೆ ಜನಕ್ಕೆ ರೋಗ ಹಚ್ಚುತ್ತಾನೆ ಅನ್ನೋಣ. ಸರಾಸರಿಯ ಲೆಕ್ಕದಲ್ಲಿ ಈ ರೋಗ ಬೆಳೆಯಲೇಬೇಕು. ಆದರೆ ಒಬ್ಬನಿಂದ ಶುರುವಾದ ಸರಣಿ ತಾನಾಗಿ ಅಳಿಯುವ ಸಂಭವನೀಯತೆ 1.5ರಲ್ಲಿ ಒಂದು ಪಾಲು, ಅಂದರೆ ಮೂರರಲ್ಲಿ ಎರಡು. ಹತ್ತು ಜನರಿಂದ ಶುರುವಾದರೆ ಆ ಮೂರರಲ್ಲಿ ಎರಡನ್ನು ಹತ್ತು ಸಲ ಗುಣಿಸಬೇಕು. ನೂರಕ್ಕೆ ಎರಡಕ್ಕಿಂತಲೂ ಕಡಿಮೆ ಬರುತ್ತದೆ. 50 ಜನರಿಂದಾದರೆ 100 ಕೋಟಿಗೆ ಒಂದೂವರೆ. ಐರೆನೆ-ಜೂಲ್ ಬಿಯೆನೇಮೆ 1845ರಲ್ಲೇ ಇಂಥ ಲೆಕ್ಕವನ್ನು ಮುಟ್ಟಿದ್ದ. ಇಂಗ್ಲೆಂಡಿನ ಗಾಲ್ಟನ್ ಮತ್ತು ವಾಟ್ಸನ್ 1870ರ ದಶಕದಲ್ಲಿ ಮನೆತನದ ಹೆಸರುಗಳು ಯಾಕೆ ನಿಂತುಹೋಗುತ್ತವೆ ಅಂತ ಕೇಳುತ್ತಾ ಮತ್ತೆ ಅಲ್ಲಿಗೇ ಬಂದರು. ಹೆಸರು ಉಳಿದದ್ದು ಈ ಇಬ್ಬರದೇ.

ಈ ಮಾದರಿಯಲ್ಲಿ ಜನಸಂಖ್ಯೆಗೆ ಮಿತಿಯೇ ಇಲ್ಲ. ಊರಿಗೆ ಮಿತಿ ಇರುತ್ತದಲ್ವಾ? 1,000 ಜನರ ಊರು ತಗೊಳ್ಳೋಣ. ಗುಣವಾದವರಿಗೆ ಮತ್ತೆ ಸೋಂಕು ತಗುಲಬಹುದು. ಒಂದು ಸೋಂಕು ಹತ್ತು ದಿನ ಇರುತ್ತದೆ. ಉಳಿದವರೆಲ್ಲ ಆರೋಗ್ಯವಾಗಿರುವಾಗ ಒಬ್ಬ ಸೋಂಕಿತ ಸರಾಸರಿ ಎಷ್ಟು ಜನಕ್ಕೆ ರೋಗ ಹಚ್ಚುತ್ತಾನೆ ಅನ್ನುವ ಸಂಖ್ಯೆ, ಅಂದರೆ ಆರ್ ನಾಟ್, 1.2. ಆಗ ಸರಾಸರಿ ಸುಮಾರು 167 ಜನ ಯಾವಾಗಲೂ ಸೋಂಕಿತರಾಗಿರುತ್ತಾರೆ. ಆದರೂ ಒಂದಲ್ಲ ಒಂದು ದಿನ, ಸುಮ್ನೆ ಏರಿಳಿತದಿಂದಲೇ, ಎಲ್ಲರೂ ಗುಣವಾಗಿ ರೋಗ ಅಳಿದೇ ಅಳಿಯುತ್ತದೆ. ಸರಾಸರಿ ಎಷ್ಟು ಕಾಯಬೇಕು? ಇದಕ್ಕೊಂದು ಒಳ್ಳೆಯ ಅಂದಾಜು ಸೂತ್ರವಿದೆ. ಜನಸಂಖ್ಯೆಯನ್ನು ‘ಆರ್ ನಾಟ್‌ನ ಲಾಗ್, ಕಳೆ ಒಂದು, ಕೂಡು ಆರ್ ನಾಟ್‌ನ ವಿಲೋಮ’ ಎಂಬ ಸಂಖ್ಯೆಯಿಂದ ಗುಣಿಸಿ, e ಎಂಬ ಸಂಖ್ಯೆಯನ್ನು (ಸುಮಾರು 2.718) ಆ ಘಾತಕ್ಕೆ ಏರಿಸಬೇಕು (ಲಾಗ್ ಕೂಡ e ಆಧಾರದ್ದೇ). ಮುಂದೆ ಒಂದು ಚಿಕ್ಕ ಗುಣಕ ಇರುತ್ತದೆ. ಲೆಕ್ಕ ಹಾಕಿದರೆ ಬರುವುದು ಸುಮಾರು 4 ಲಕ್ಷ ವರ್ಷ.

ಈಗ ಆರ್ ನಾಟ್ ಅನ್ನು 1.2ರಿಂದ 1.1ಕ್ಕೆ ಇಳಿಸಿ. ಹರಡುವಿಕೆ ಇಳಿದದ್ದು ನೂರಕ್ಕೆ ಎಂಟರಷ್ಟು. ಸೋಂಕಿತರ ಸರಾಸರಿ 167ರಿಂದ 91ಕ್ಕೆ ಇಳಿಯುತ್ತದೆ. ಆರೋಗ್ಯ ಇಲಾಖೆಯ ವರದಿಯಲ್ಲಿ ಇದು ‘ಪರವಾಗಿಲ್ಲ, ಸ್ವಲ್ಪ ಸುಧಾರಣೆ’ ಅಂತ ಕಾಣುತ್ತದೆ. ಅಳಿವಿಗೆ ಕಾಯಬೇಕಾದ ಕಾಲ ಮಾತ್ರ 4 ಲಕ್ಷ ವರ್ಷದಿಂದ ಸುಮಾರು 20 ವರ್ಷಕ್ಕೆ ಬಂದಿರುತ್ತದೆ. ಗಮನಿಸಿ, ಆರ್ ನಾಟ್ ಇನ್ನೂ ಒಂದಕ್ಕಿಂತ ಜಾಸ್ತಿಯೇ ಇದೆ. ‘ಒಂದಕ್ಕಿಂತ ಕೆಳಗೆ ತಂದರೆ ಮಾತ್ರ ರೋಗ ಹೋಗುತ್ತದೆ’ ಅನ್ನುವ ಪಾಠ ಸರಾಸರಿಯ ಪಾಠ. ಚಿಕ್ಕ ಊರಿಗೆ ಅದು ಪೂರ್ತಿ ಸರಿಯಲ್ಲ.

ದಡಾರದಲ್ಲಿ ಇದು ಕಣ್ಣಾರೆ ಕಂಡಿದೆ. ಎಂ. ಎಸ್. ಬಾರ್ಟ್ಲೆಟ್ 1957ರಲ್ಲಿ ಇಂಗ್ಲೆಂಡಿನ ಊರುಗಳ ದಾಖಲೆ ನೋಡಿದರು. ಎರಡೂವರೆ ಲಕ್ಷದಿಂದ ಮೂರು ಲಕ್ಷ ಜನಸಂಖ್ಯೆಗಿಂತ ಚಿಕ್ಕ ಊರುಗಳಲ್ಲಿ ದಡಾರ ಆಗಾಗ ತಾನಾಗಿ ಮಾಯವಾಗುತ್ತಿತ್ತು, ಹೊರಗಿನಿಂದ ಬಂದಾಗ ಮತ್ತೆ ಶುರುವಾಗುತ್ತಿತ್ತು. ದಡಾರದ ಆರ್ ನಾಟ್ ಹತ್ತಕ್ಕೂ ಜಾಸ್ತಿ ಅನ್ನುವುದು ನೆನಪಿರಲಿ. ಅಷ್ಟು ಜೋರಾಗಿ ಹರಡುವ ರೋಗವೂ ಏರಿಳಿತದಿಂದ ಅಳಿಯುತ್ತದೆ. ಅಲೆ ಎದ್ದಾಗ ಸಿಕ್ಕವರಿಗೆಲ್ಲ ಬಂದು ಹೋಗಿ, ಅಲೆ ಇಳಿದಾಗ ಉಳಿಯುವ ಸೋಂಕಿತರು ಬೆರಳೆಣಿಕೆಯಷ್ಟೇ.

ಇಲ್ಲಿಂದ ವಿಷಯ ನಿಜಕ್ಕೂ ರುಚಿಕಟ್ಟಾಗುತ್ತದೆ. 4 ಲಕ್ಷ ವರ್ಷ ಅಂದೆನಲ್ಲ, ಅದು ಕಾಯುವ ಕಾಲ. ದಾಟುವ ಕಾಲವಲ್ಲ. ಅದೇ ಊರಿನಲ್ಲಿ 167ರಿಂದ ಸೊನ್ನೆಗೆ ಬೀಳುವ ಆ ಕೊನೆಯ ಪಯಣಕ್ಕೆ ಹಿಡಿಯುವುದು ಒಂದು ವರ್ಷ, ಜಾಸ್ತಿಯೆಂದರೆ ಎರಡು. ಉಳಿದ ಕಾಲವೆಲ್ಲ ವ್ಯವಸ್ಥೆ ತನ್ನ ಸರಾಸರಿಯ ಸುತ್ತಲೇ ತೂಗುತ್ತಿರುತ್ತದೆ. ಸಾವಿರ ಸಲ ಇಳಿಯಲು ಹೊರಟು ಸಾವಿರ ಸಲ ವಾಪಸ್ ಬಂದಿರುತ್ತದೆ. ಬೀಳುವ ಆ ಒಂದು ಸಲವೂ ಹೇಗೆಂದರೆ ಹಾಗೆ ಬೀಳುವುದಿಲ್ಲ. ಸೊನ್ನೆಗೆ ಹೋಗುವ ದಾರಿಗಳು ಲೆಕ್ಕವಿಲ್ಲದಷ್ಟಿವೆ. ಆದರೆ ಅವುಗಳಲ್ಲಿ ಒಂದು ದಾರಿ ಉಳಿದವಕ್ಕಿಂತ ಎಷ್ಟೋ ಪಟ್ಟು ಸುಲಭ. ಅಳಿವು ಆಯಿತೆಂದರೆ ಹೆಚ್ಚುಕಮ್ಮಿ ಆ ದಾರಿಯಲ್ಲೇ ಆಗಿರುತ್ತದೆ. ಇದರ ಹಿಂದಿರುವ ಗಣಿತಕ್ಕೆ ಗಟ್ಟಿ ತಳಪಾಯ ಹಾಕಿದವರಲ್ಲಿ ಚೆನ್ನೈಯಲ್ಲಿ ಹುಟ್ಟಿದ ಎಸ್. ಆರ್. ಎಸ್. ವರಧನ್ ಮುಖ್ಯರು. 2007ರ ಆಬೆಲ್ ಪ್ರಶಸ್ತಿ ಅವರಿಗೆ ಬಂದದ್ದು ಸಂಭವನೀಯತಾ ಸಿದ್ಧಾಂತಕ್ಕೆ, ಮುಖ್ಯವಾಗಿ ದೊಡ್ಡ ವಿಚಲನೆಗಳ ಈ ಸಿದ್ಧಾಂತಕ್ಕೆ ಅವರು ಕೊಟ್ಟ ಕೊಡುಗೆಗಾಗಿ.

ಒಂದೇ ಸಂಖ್ಯೆಯಿಂದ ನಡೆಯುವ ಮಾದರಿಯಲ್ಲಿ ಆ ಸುಲಭದ ದಾರಿ, ರೋಗ ಬೆಳೆದ ದಾರಿಯನ್ನೇ ಹಿಂದಕ್ಕೆ ನಡೆದ ಹಾಗಿರುತ್ತದೆ. ಸೋಂಕು ತಗುಲಬಹುದಾದವರು, ಸೋಂಕಿತರು ಅಂತ ಎರಡು ಸಂಖ್ಯೆ ಬಂದ ಕೂಡಲೇ ಆ ಅಚ್ಚುಕಟ್ಟು ಹೋಗುತ್ತದೆ. ದಾರಿ ಸುರುಳಿ ಸುತ್ತಿಕೊಂಡು ಹೊರಗೆ ಬರುತ್ತದೆ. ದಡಾರದಂಥ ರೋಗಗಳಲ್ಲಿ ಇರುವುದು ಈ ಸುರುಳಿ.

ಹಾಗಾದರೆ ಕೈಯಲ್ಲಿರುವ ಲಸಿಕೆ ಕಡಿಮೆ, ಆರ್ ನಾಟ್ ಅನ್ನು ಒಂದಕ್ಕಿಂತ ಕೆಳಗೆ ತರುವಷ್ಟಿಲ್ಲ ಅನ್ನೋಣ. ಅದನ್ನು ಹೇಗೆ ಹಂಚಬೇಕು? ವರ್ಷವಿಡೀ ದಿನಕ್ಕಿಷ್ಟು ಅಂತಲೋ, ಒಂದೇ ಸಲ ಸುರಿಯಬೇಕೋ? ಖಾಸಿನ್, ಡಿಕ್ಮನ್ ಮತ್ತು ಮೀರ್ಸನ್ ಎಂಬ ಮೂವರು 2010ರಲ್ಲಿ ಇದೇ ಪ್ರಶ್ನೆಗೆ ಉತ್ತರ ಕಂಡುಕೊಂಡರು. ಸರಾಸರಿ ಲಸಿಕೆ ಇಷ್ಟೇ ಅಂತ ನಿಗದಿಯಾಗಿದ್ದರೆ, ಅತ್ಯುತ್ತಮ ವಿಧಾನ ಚುಟುಕು ಅವಧಿಯ ಪಲ್ಸ್‌ಗಳು, ಅಂದರೆ ನಡುನಡುವೆ ಬಿಡುವು ಕೊಟ್ಟು ಒಮ್ಮೆಲೇ ಹಾಕುವ ಲಸಿಕೆ. ಯಾವ ರೋಗ, ಯಾವ ಮಾದರಿ ಅನ್ನುವುದನ್ನೂ ಇದು ಅವಲಂಬಿಸಿಲ್ಲ.

ಕಾರಣ ಕೇಳಿದರೆ ‘ಅಯ್ಯೋ ಇಷ್ಟೇನಾ’ ಅನ್ನಿಸುತ್ತದೆ. ಲಸಿಕೆ ಸ್ವಲ್ಪವೇ ಇದ್ದಾಗ ಅದು ಘಾತವನ್ನು ಎಷ್ಟು ಇಳಿಸುತ್ತದೆ ಅನ್ನುವುದು ನೇರ ಅನುಪಾತದ ಲೆಕ್ಕ. ಅಳಿವಿನ ಆ ಸುಲಭದ ದಾರಿಯ ಪ್ರತಿ ಕ್ಷಣಕ್ಕೂ ಒಂದು ಬೆಲೆ ಇದೆ. ಈ ಕ್ಷಣ ಕೊಟ್ಟ ಒಂದು ಡೋಸ್ ಘಾತವನ್ನು ಇಷ್ಟು ಇಳಿಸುತ್ತದೆ, ಆ ಕ್ಷಣ ಕೊಟ್ಟದ್ದು ಅಷ್ಟು ಇಳಿಸುತ್ತದೆ ಅಂತ. ಒಟ್ಟು ಡೋಸ್ ನಿಗದಿಯಾಗಿದ್ದರೆ ಎಲ್ಲವನ್ನೂ ಅತಿ ಹೆಚ್ಚು ಬೆಲೆಯ ಕ್ಷಣಕ್ಕೇ ಸುರಿಯುವುದು ಜಾಣತನ. ‘ಆ ಕ್ಷಣ ಯಾವಾಗ ಬರುತ್ತದೆ ಅಂತ ನಮಗೇನು ಗೊತ್ತು, ಅಳಿವು ಶುರುವಾಗುವುದೇ ಆಕಸ್ಮಿಕವಾಗಿ ಅಲ್ವಾ?’ ಅಂತ ನೀವು ಕೇಳಬೇಕು. ಗೊತ್ತಾಗಬೇಕಾಗಿಯೇ ಇಲ್ಲ. ಇಳಿಯಲು ಹೊರಡುವ ಏರಿಳಿತಗಳು ಸದಾ ಹುಟ್ಟುತ್ತಲೇ ಇರುತ್ತವೆ. ಪಲ್ಸ್‌ಗೆ ಸರಿಯಾದ ಹೊತ್ತಿಗೆ ಹುಟ್ಟಿದ ಏರಿಳಿತ ದಾಟುತ್ತದೆ, ಉಳಿದವು ವಾಪಸ್ ಹೋಗುತ್ತವೆ. ನಾವು ಘಟನೆಯನ್ನು ಹಿಂಬಾಲಿಸುವುದಿಲ್ಲ. ಘಟನೆಯೇ ನಮ್ಮ ವೇಳಾಪಟ್ಟಿಗೆ ಹೊಂದಿಕೊಳ್ಳುತ್ತದೆ.

ರೋಗಕ್ಕೆ ತನ್ನದೇ ಲಯವಿದ್ದರೆ ಇನ್ನೂ ಒಂದು ಲಾಭವಿದೆ. ಪಲ್ಸ್‌ಗಳ ನಡುವಿನ ಅಂತರ ಆ ಲಯಕ್ಕೆ, ಅಥವಾ ಅದರ ಎರಡು ಪಟ್ಟು, ಮೂರು ಪಟ್ಟಿಗೆ ಹೊಂದಿದರೆ ಪರಿಣಾಮ ಒಮ್ಮೆಲೇ ಏರುತ್ತದೆ. ಜೋಕಾಲಿಯನ್ನು ಅದರ ತೂಗಿಗೆ ಸರಿಯಾಗಿ ತಳ್ಳಿದ ಹಾಗೆ. ತಪ್ಪಾದ ಹೊತ್ತಿನಲ್ಲಿ ತಳ್ಳಿದರೆ ಜೋಕಾಲಿ ನಿಧಾನವಾಗುತ್ತದಲ್ಲ, ಅದೂ ಇಲ್ಲಿದೆ. ಋತುಮಾನಕ್ಕೆ ತಕ್ಕಂತೆ ಏರಿಳಿಯುವ ರೋಗದಲ್ಲಿ ಪಲ್ಸ್ ತಪ್ಪಾದ ಹಂತದಲ್ಲಿ ಬಿದ್ದರೆ, ಲಸಿಕೆ ಹಾಕಿದ್ದರಿಂದಲೇ ಅಳಿವು ಇನ್ನೂ ತಡವಾಗಬಹುದು ಅಂತ ಅದೇ ಲೆಕ್ಕ ತೋರಿಸಿತು. ಇದನ್ನು ಮೊದಲ ಸಲ ಓದಿದಾಗ ಯಾರಿಗೂ ನಂಬಿಕೆ ಬರುವುದಿಲ್ಲ. ನಿಮ್ಮ ಪ್ರಾಜೆಕ್ಟಿನಲ್ಲಿ ಒಂದು ಚಿತ್ರ ಹಾಕುವುದಾದರೆ ಇದನ್ನೇ ಹಾಕಿ.

‘ಪಲ್ಸ್’ ಅಂದ ಕೂಡಲೇ ನಿಮಗೆ ಭಾನುವಾರದ ಪೋಲಿಯೋ ಬೂತ್ ನೆನಪಾಗಿರಬೇಕು. ಸರಿಯಾಗಿಯೇ ನೆನಪಾಗಿದೆ. ಆದರೆ ಒಂದು ಎಚ್ಚರ: ಪಲ್ಸ್ ಪೋಲಿಯೋ ಈ ಸಮೀಕರಣ ನೋಡಿ ಹುಟ್ಟಿದ್ದಲ್ಲ. ವೆಲ್ಲೂರಿನ ವೈರಾಣು ತಜ್ಞ ಟಿ. ಜೇಕಬ್ ಜಾನ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಅದನ್ನು ಪ್ರಯೋಗಿಸಿ ತೋರಿಸಿದ್ದರು. ದೇಶಾದ್ಯಂತ ಶುರುವಾದದ್ದು 1995ರಲ್ಲಿ. ವೈದ್ಯರ ತರ್ಕ ಬೇರೆಯಾಗಿತ್ತು. ಒಂದೇ ದಿನ ಎಲ್ಲ ಮಕ್ಕಳ ಕರುಳಿಗೂ ಲಸಿಕೆಯ ವೈರಸ್ ಹೋದರೆ, ಕಾಡು ವೈರಸ್‌ಗೆ ನಿಲ್ಲಲು ಜಾಗವೇ ಸಿಗುವುದಿಲ್ಲ. ಅದನ್ನೂ ಡಿಸೆಂಬರ್, ಜನವರಿಯ ಚಳಿಯಲ್ಲಿ ಮಾಡಿದರು. ನಮ್ಮಲ್ಲಿ ಪೋಲಿಯೋ ಏರುವುದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ. ಚಳಿಗಾಲದಲ್ಲಿ ವೈರಸ್ ತಾನಾಗಿಯೇ ಇಳಿದಿರುತ್ತದೆ, ಆಗ ತಳ್ಳಿದರೆ ಬೀಳುತ್ತದೆ. ಗಣಿತ ಆಮೇಲೆ ಹೇಳಿದ್ದನ್ನು ಅನುಭವ ಮೊದಲೇ ಮಾಡಿತ್ತು.

ಕೊನೆಯ ಹಂತದ ಅಂಕಿಗಳನ್ನೂ ನೋಡಿ. ಭಾರತದಲ್ಲಿ ಪೋಲಿಯೋ ಪ್ರಕರಣಗಳು 2009ರಲ್ಲಿ 741. 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ. ಹದಿನೈದು ವರ್ಷ ಎಳೆದಾಡಿದ್ದು ಎರಡು ವರ್ಷದಲ್ಲಿ ಮುಗಿದುಹೋಯಿತು. ಇದನ್ನು ಶುದ್ಧ ಆಕಸ್ಮಿಕ ಅಂತ ನಾನು ಹೇಳುವುದಿಲ್ಲ. 2010ರಲ್ಲಿ ಎರಡು ತಳಿಯ ಹೊಸ ಲಸಿಕೆ ಬಂತು, ಉತ್ತರ ಪ್ರದೇಶ ಮತ್ತು ಬಿಹಾರದಲ್ಲಿ ಸುತ್ತಿನ ಮೇಲೆ ಸುತ್ತು ಹನಿ ಹಾಕಿದರು. ಆದರೆ ಬೀಳುವ ರೀತಿ ಮಾತ್ರ ಸಿದ್ಧಾಂತ ಹೇಳುವಂಥದ್ದೇ: ಕಾಯುವುದು ಬಹುಕಾಲ, ದಾಟುವುದು ಬೇಗ.

ಸೊನ್ನೆ ಮುಟ್ಟಿದೆ ಅಂತ ಖಾತ್ರಿ ಮಾಡಿಕೊಳ್ಳುವುದೂ ಅಪರೂಪದ ಘಟನೆಯ ಲೆಕ್ಕವೇ. ಪೋಲಿಯೋ ಸೋಂಕು ತಗುಲಿದ ಸುಮಾರು 200 ಮಕ್ಕಳಲ್ಲಿ ಒಂದಕ್ಕೆ ಮಾತ್ರ ಪಾರ್ಶ್ವವಾಯು ಆಗುತ್ತದೆ. ಸದ್ದಿಲ್ಲದೆ 600 ಮಕ್ಕಳಿಗೆ ವೈರಸ್ ಹರಡಿಯೂ ಒಂದು ಮಗುವೂ ಕುಂಟದೇ ಇರುವ ಸಂಭವನೀಯತೆ ಸುಮಾರು ನೂರಕ್ಕೆ ಐದು. ಅದಕ್ಕೇ ಒಂದು ವರ್ಷ ಪ್ರಕರಣ ಬರಲಿಲ್ಲ ಅಂತ ಯಾರೂ ಗೆದ್ದೆವು ಅನ್ನಲಿಲ್ಲ. ಮೂರು ವರ್ಷ ಕಾದು, 2014ರ ಮಾರ್ಚ್ 27ರಂದು ಪ್ರಮಾಣಪತ್ರ ಕೊಟ್ಟರು.

ಇನ್ನೊಂದು ಬಗೆಯ ನಿಯಂತ್ರಣವೂ ಇದೆ: ಪ್ರಕರಣಗಳ ಮೇಲೆ ಕಣ್ಣಿಟ್ಟು, ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಮಾತ್ರ ಪೂರ್ತಿ ಬಲ ಹಾಕುವುದು. ಸಿಡುಬಿನಲ್ಲಿ ಮಾಡಿದ್ದು ಹೆಚ್ಚುಕಮ್ಮಿ ಇದನ್ನೇ. ಪ್ರಕರಣ ಕಂಡಲ್ಲಿಗೆ ಓಡಿ ಸುತ್ತಲಿನವರಿಗೆ ಲಸಿಕೆ ಹಾಕುವುದು. 1975ರ ಮೇ ತಿಂಗಳಿಗೆ ಭಾರತದಲ್ಲಿ ಸಿಡುಬು ಮುಗಿಯಿತು. ಸಿಡುಬು ಮುಖದ ಮೇಲೇ ಕಾಣುತ್ತದೆ, ಹಾಗಾಗಿ ಅದು ಸಾಧ್ಯವಾಯಿತು. 200ರಲ್ಲಿ 199 ಸೋಂಕು ಕಣ್ಣಿಗೇ ಬೀಳದ ಪೋಲಿಯೋದಲ್ಲಿ ಅದೊಂದನ್ನೇ ನೆಚ್ಚಿ ಕೂರುವಂತಿರಲಿಲ್ಲ.

ಈಗ ನಿಮ್ಮ ಕಂಪ್ಯೂಟರಿನ ಕಷ್ಟ. ನೀವು ಬಳಸುತ್ತಿರುವುದು ಗಿಲೆಸ್ಪಿ ವಿಧಾನ ಅಂತ ಊಹಿಸುತ್ತೇನೆ. 1970ರ ದಶಕದಿಂದ ಎಲ್ಲರೂ ಬಳಸುವುದು ಅದನ್ನೇ. ಒಂದೊಂದೇ ಘಟನೆಯನ್ನು ಅದರ ದರಕ್ಕೆ ತಕ್ಕಂತೆ ಲಾಟರಿ ಎತ್ತಿ ಮುಂದೆ ಹೋಗುವುದು. ವಿಧಾನ ನಿಖರ. ಆದರೆ 50 ಸೋಂಕಿತರಿಂದ ಶುರುವಾಗಿ ಅಳಿಯುವ ಆ ‘100 ಕೋಟಿಗೆ ಒಂದೂವರೆ’ಯನ್ನು ನೂರಕ್ಕೆ ಹತ್ತರಷ್ಟು ತಪ್ಪಿನೊಳಗೆ ಅಳೆಯಬೇಕೆಂದರೆ 6,000 ಕೋಟಿಗೂ ಜಾಸ್ತಿ ಸಲ ಓಡಿಸಬೇಕು. ಲಕ್ಷಾಂತರ ಸಲ ಏತಕ್ಕೂ ಸಾಲದು.

ಉಪಾಯ ಹೀಗಿದೆ. ಆ ಮಾದರಿಯಲ್ಲಿ ಮುಂದಿನ ಘಟನೆ ಹೊಸ ಸೋಂಕು ಆಗುವ ಸಂಭವನೀಯತೆ ಐದರಲ್ಲಿ ಮೂರು, ಗುಣವಾಗುವುದು ಐದರಲ್ಲಿ ಎರಡು. ಎರಡನ್ನೂ ಅದಲುಬದಲು ಮಾಡಿ. ಈಗ ಪ್ರತಿ ಓಟವೂ ಅಳಿವಿನಲ್ಲೇ ಮುಗಿಯುತ್ತದೆ, ಅದೂ ಸರಾಸರಿ 250 ಹೆಜ್ಜೆಯಲ್ಲಿ. ನೀವು ಮೋಸ ಮಾಡಿದ್ದೀರಿ, ಅದಕ್ಕೆ ತೆರಿಗೆ ಕಟ್ಟಬೇಕು. ಪ್ರತಿ ಓಟಕ್ಕೂ 1 ಅಂತ ಒಂದು ತೂಕ ಕೊಟ್ಟು ಶುರು ಮಾಡಿ. ಪ್ರತಿ ಹೊಸ ಸೋಂಕಿಗೂ ಆ ತೂಕವನ್ನು 1.5ರಿಂದ ಗುಣಿಸಿ, ಪ್ರತಿ ಗುಣವಾಗುವಿಕೆಗೂ 1.5ರಿಂದ ಭಾಗಿಸಿ. ಐವತ್ತರಿಂದ ಸೊನ್ನೆಗೆ ಬಂದ ಯಾವುದೇ ಓಟದಲ್ಲಿ ಗುಣವಾದವರು ಹೊಸ ಸೋಂಕಿತರಿಗಿಂತ ಸರಿಯಾಗಿ 50 ಜಾಸ್ತಿ ಇರುತ್ತಾರೆ. ಹಾಗಾಗಿ ಎಲ್ಲ ಓಟಗಳ ತೂಕವೂ ಒಂದೇ, ಮೂರರಲ್ಲಿ ಎರಡರ 50ನೇ ಘಾತ. ಒಂದೇ ಓಟಕ್ಕೆ ನಿಖರ ಉತ್ತರ ಬಂತು! 6,000 ಕೋಟಿ ಎಲ್ಲಿ, ಒಂದು ಎಲ್ಲಿ.

ಇಷ್ಟು ಅಂದವಾಗಿ ಬರುವುದು ಇಂಥ ಸರಳ ಮಾದರಿಗೆ ಮಾತ್ರ. ಆದರೆ ಒಳಗಿರುವ ಮಾತು ದೊಡ್ಡದು. ಅದಲುಬದಲು ಮಾಡಿದ ಆ ದರಗಳು ಸುಮ್ನೆ ತಂತ್ರವಲ್ಲ. ‘ಅಳಿವು ಆಗಿಯೇ ಆಯಿತು ಅಂದುಕೊಂಡರೆ ಪ್ರಕ್ರಿಯೆ ಹೇಗೆ ಕಾಣುತ್ತಿತ್ತು’ ಎಂಬುದಕ್ಕೆ ಅವೇ ಉತ್ತರ. ಅಂದರೆ ಅಪರೂಪದ ಘಟನೆಯನ್ನು ಕಡಿಮೆ ಖರ್ಚಿನಲ್ಲಿ ಲೆಕ್ಕ ಹಾಕಲು ದರಗಳನ್ನು ಹೇಗೆ ಬಾಗಿಸಬೇಕು ಅನ್ನುವ ಪ್ರಶ್ನೆ, ಮತ್ತು ಘಟನೆ ಆಗುವಂತೆ ಅತಿ ಕಡಿಮೆ ಬಲದಲ್ಲಿ ವ್ಯವಸ್ಥೆಯನ್ನು ಹೇಗೆ ತಳ್ಳಬೇಕು ಅನ್ನುವ ಪ್ರಶ್ನೆ, ಎರಡೂ ಒಂದೇ ನಿಯಂತ್ರಣ ಸಮಸ್ಯೆ. ವೆಂಡೆಲ್ ಫ್ಲೆಮಿಂಗ್ 1970ರ ದಶಕದ ಕೊನೆಯಲ್ಲಿ ಈ ನಂಟನ್ನು ತೋರಿಸಿದರು. ನಿಮ್ಮ ಪ್ರಾಜೆಕ್ಟಿನ ಶೀರ್ಷಿಕೆಯಲ್ಲಿ ‘ನಿಯಂತ್ರಣ’ ಅನ್ನುವ ಪದ ಕೂತಿರುವುದು ಬಹುಶಃ ಈ ಎರಡೂ ಅರ್ಥದಲ್ಲಿ. ಗೈಡ್ ಹತ್ತಿರ ಕೇಳಿ ನೋಡಿ.

ಒಳ್ಳೆಯ ಬಾಗು ಸಿಗದೇ ಹೋದರೆ? ತಪ್ಪು ಬಾಗು ಹಾಕಿದರೆ ತೂಕಗಳು ಹುಚ್ಚುಹುಚ್ಚಾಗಿ ಚೆಲ್ಲಾಡುತ್ತವೆ, ಉತ್ತರ ನಂಬುವಂತೆ ಕಾಣುತ್ತದೆ ಆದರೆ ತಪ್ಪಿರುತ್ತದೆ. ಆಗ ನಾನು ಕವಲೊಡೆಸುವ ವಿಧಾನ ಹೇಳುತ್ತೇನೆ. ದರಗಳನ್ನು ಮುಟ್ಟಬೇಡಿ. 167ರಿಂದ ಸೊನ್ನೆಯವರೆಗೆ ನಡುವೆ ಕೆಲವು ಗಡಿಗಳನ್ನು ಹಾಕಿ. ಯಾವ ಓಟ ಒಂದು ಗಡಿ ದಾಟುತ್ತದೋ ಅದರ ಹಲವು ನಕಲು ಮಾಡಿ ಅಲ್ಲಿಂದ ಮುಂದೆ ಓಡಿಸಿ. ನೂರರಲ್ಲಿ ಒಂದು ದಾಟುವ ಐದು ಗಡಿ ದಾಟಿದರೆ ಸಾವಿರ ಕೋಟಿಗೊಂದರ ಘಟನೆಗೆ ತಲುಪಿರುತ್ತೀರಿ. ಕಾಹ್ನ್ ಮತ್ತು ಹ್ಯಾರಿಸ್ 1951ರಲ್ಲಿ ನ್ಯೂಟ್ರಾನ್‌ಗಳ ಲೆಕ್ಕಕ್ಕೆ ಇದನ್ನು ಬರೆದಿಟ್ಟರು. ಹಳೆಯದು, ಒರಟು, ಆದರೆ ಕೈಕೊಡುವುದು ಕಡಿಮೆ.

ಜೀವಕೋಶದ ಅಣುಗಳ ಬಗ್ಗೆ ಕೇಳಿದ್ದಿರಿ. ಲೆಕ್ಕ ಒಂದೇ ಆಗಲು ಕಾರಣ, ಗಣಿತಕ್ಕೆ ಎಣಿಕೆ ಮತ್ತು ದರ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಬ್ಬ ಸೋಂಕಿತ ಇನ್ನೊಬ್ಬ ಸೋಂಕಿತನನ್ನು ಮಾಡುತ್ತಾನೆ, ಒಂದು ಪ್ರೋಟೀನ್ ತನ್ನದೇ ಜೀನನ್ನು ಚುರುಕು ಮಾಡಿ ಇನ್ನೊಂದನ್ನು ಮಾಡಿಸುತ್ತದೆ. ಅಲ್ಲಿ ಊರಿಗೆ 1,000 ಜನ, ಇಲ್ಲಿ ಕೋಶಕ್ಕೆ ಬೆರಳೆಣಿಕೆಯ ಅಣು. ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ಟೋಸ್ ಜೀನುಗಳ ಬಾಯಿ ಮುಚ್ಚಿ ಕೂತಿರುವ ಪ್ರೋಟೀನಿನ ಗುಂಪುಗಳು ಕೋಶಕ್ಕೆ ಸುಮಾರು ಹತ್ತು ಇರುತ್ತವೆ. ಹಾರ್ವರ್ಡಿನ ಸನ್ನಿ ಷೀ ತಂಡ 2008ರಲ್ಲಿ ತೋರಿಸಿದ್ದೇನೆಂದರೆ, ಆ ಕಾವಲು ಪ್ರೋಟೀನ್ ಡಿಎನ್‌ಎಯಿಂದ ಪೂರ್ತಿ ಕಳಚಿಕೊಳ್ಳುವ ಒಂದೇ ಒಂದು ಅಪರೂಪದ ಘಟನೆ ಸಾಕು, ಇಡೀ ಬ್ಯಾಕ್ಟೀರಿಯಾ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ.

ಇದನ್ನೇ ಆಸ್ಪತ್ರೆಯ ಕಡೆಯಿಂದ ನೋಡಿ. ಐರ್ಲೆಂಡಿನ ಜೋಸೆಫ್ ಬಿಗ್ಗರ್ 1944ರಲ್ಲಿ ಪೆನಿಸಿಲಿನ್ ಹಾಕಿದ ಬ್ಯಾಕ್ಟೀರಿಯಾಗಳಲ್ಲಿ ಹತ್ತು ಲಕ್ಷಕ್ಕೆ ಒಂದರಷ್ಟು ಸಾಯದೆ ಉಳಿದದ್ದನ್ನು ಕಂಡರು. ಅವು ಔಷಧಕ್ಕೆ ಒಗ್ಗಿಕೊಂಡವಲ್ಲ. ಅವುಗಳನ್ನು ಬೆಳೆಸಿದರೆ ಮಕ್ಕಳು ಮತ್ತೆ ಪೆನಿಸಿಲಿನ್‌ಗೆ ಸಾಯುತ್ತಿದ್ದವು. ಅವು ಮಲಗಿದ್ದವು ಅಷ್ಟೇ. ನಥಾಲಿ ಬಲಾಬಾನ್ ಮತ್ತು ಸಂಗಡಿಗರು 2004ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕೋಶವನ್ನು ಹಿಂಬಾಲಿಸಿ, ಔಷಧ ಬರುವ ಮೊದಲೇ ಅವು ನಿಧಾನಗತಿಗೆ ಹೋಗಿದ್ದವು ಅಂತ ತೋರಿಸಿದರು. ಬಿಗ್ಗರ್ ಹೇಳಿದ್ದ ಪರಿಹಾರ ನೋಡಿ: ಔಷಧ ಕೊಡಿ, ನಿಲ್ಲಿಸಿ, ಮಲಗಿದವು ಏಳಲಿ, ಮತ್ತೆ ಕೊಡಿ. ಮತ್ತೆ ಪಲ್ಸ್! (ಇದನ್ನು ಓದಿ ಯಾರೂ ಮನೆಯಲ್ಲಿ ಆ್ಯಂಟಿಬಯಾಟಿಕ್ ಬಿಟ್ಟು ಬಿಟ್ಟು ತಗೊಳ್ಳಬೇಡಿ. ಯಾವಾಗ ಏಳುತ್ತವೆ ಅನ್ನುವುದು ಗೊತ್ತಿಲ್ಲದೆ ನಿಲ್ಲಿಸುವುದು ತಪ್ಪು ಹಂತದ ಪಲ್ಸ್.)

ಏರಿಳಿತದ ಪ್ರಮಾಣವನ್ನೇ ಹಿಡಿಕೆ ಮಾಡಿಕೊಂಡ ಉದಾಹರಣೆ ಎಚ್‌ಐವಿಯದು. ಔಷಧ ತಗೊಳ್ಳುವವರ ದೇಹದಲ್ಲೂ ಕೆಲವು ಕೋಶಗಳಲ್ಲಿ ವೈರಸ್ ಅಡಗಿ ಕೂತಿರುತ್ತದೆ. ಲಿಯೊರ್ ವೈನ್‌ಬರ್ಗರ್ ತಂಡ 2014ರಲ್ಲಿ ಜೀನಿನ ಸರಾಸರಿ ಕೆಲಸವನ್ನು ಬದಲಿಸದೆ ಅದರ ಏರಿಳಿತವನ್ನು ಮಾತ್ರ ಹೆಚ್ಚಿಸುವ ರಾಸಾಯನಿಕಗಳನ್ನು ಹುಡುಕಿತು. ಮಾಮೂಲಿ ಪರೀಕ್ಷೆಯಲ್ಲಿ ಇವು ‘ಪರಿಣಾಮವಿಲ್ಲ’ ಅಂತ ಕಸದ ಬುಟ್ಟಿಗೆ ಹೋಗುತ್ತಿದ್ದವು. ವೈರಸ್ಸನ್ನು ಎಬ್ಬಿಸುವ ಔಷಧದ ಜೊತೆ ಸೇರಿಸಿದಾಗ ಮಾತ್ರ, ಎರಡೂ ಸೇರಿ ಹೆಚ್ಚು ಕೋಶಗಳನ್ನು ಎಬ್ಬಿಸಿದವು. ಇದು ಪ್ರಯೋಗಾಲಯದ ಫಲಿತಾಂಶ, ಚಿಕಿತ್ಸೆಯಲ್ಲ. ಆದರೂ ಸರಾಸರಿ ಕದಲದೆ ಬಾಲ (ಅಪರೂಪದ ಘಟನೆಗಳು ಇರುವ ತುದಿ) ಮಾತ್ರ ಕದಲಿದ ಇಷ್ಟು ಸ್ವಚ್ಛ ಉದಾಹರಣೆ ಬೇರೆ ಸಿಗುವುದು ಕಷ್ಟ.

ಆಗಬಾರದ್ದನ್ನು ತಡೆಯುವುದೂ ನಿಯಂತ್ರಣವೇ. ಕ್ಷಯದಲ್ಲಿ ಒಂದೇ ಔಷಧ ಯಾಕೆ ಕೊಡುವುದಿಲ್ಲ? ಐಸೋನಿಯಾಜಿಡ್‌ಗೆ ಬಗ್ಗದ ರೂಪಾಂತರ ಹುಟ್ಟುವುದು ಸುಮಾರು ಹತ್ತು ಕೋಟಿ ವಿಭಜನೆಗೊಂದು. ರಿಫಾಂಪಿಸಿನ್‌ಗೆ ಅದಕ್ಕಿಂತಲೂ ಅಪರೂಪ, ನೂರು ಕೋಟಿಗೂ ಮೀರಿ. ಶ್ವಾಸಕೋಶದ ಒಂದು ಕುಹರದಲ್ಲೇ ಹತ್ತು ಕೋಟಿ ಬ್ಯಾಕ್ಟೀರಿಯಾ ಇರಬಹುದು. ಒಂದೇ ಔಷಧವಾದರೆ ‘ಅಪರೂಪ’ದ ಘಟನೆ ಆಗಲೇ ಅಲ್ಲಿ ಕಾದು ಕೂತಿರುತ್ತದೆ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೋಮೈಸಿನ್ ಪ್ರಯೋಗದಲ್ಲಿ ಆಗಿದ್ದೂ ಇದೇ, ಅನೇಕ ರೋಗಿಗಳಲ್ಲಿ ಔಷಧ ಕೆಲವೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಎರಡು ಔಷಧ ಒಟ್ಟಿಗೆ ಕೊಟ್ಟರೆ ಎರಡು ಸಂಭವನೀಯತೆಗಳು ಗುಣಿಸಿಕೊಳ್ಳುತ್ತವೆ. ಘಾತಗಳು ಕೂಡಿಕೊಳ್ಳುತ್ತವೆ. ಆದರೆ ಎರಡೂ ಎಲ್ಲ ಬ್ಯಾಕ್ಟೀರಿಯಾಗಳಿಗೂ ಒಂದೇ ಕಾಲಕ್ಕೆ ತಲುಪಬೇಕು. ರೋಗಿ ಒಂದು ಮಾತ್ರೆ ಬಿಟ್ಟು ಇನ್ನೊಂದು ನುಂಗಿದ ದಿನ ಗುಣಾಕಾರ ಮುರಿದು ಬೀಳುತ್ತದೆ. ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಬೆರೆಸಿ ಕೊಡುವುದರ ಹಿಂದೆ ಈ ಲೆಕ್ಕವೂ ಇದೆ. ಇಲ್ಲಿ ಘಾತವನ್ನು ಕಾಯುತ್ತಿರುವವರು ಮಾತ್ರೆ ತಪ್ಪದ ಹಾಗೆ ಮನೆಮನೆಗೆ ಹೋಗಿ ಬರುವ ಆಶಾ ಕಾರ್ಯಕರ್ತೆಯರು.

ಇನ್ನು ಎರಡು ಎಚ್ಚರಿಕೆ, ನಿಮ್ಮ ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ಎಣಿಕೆಗಳ ಬದಲು ಸರಾಸರಿ ಸಮೀಕರಣಕ್ಕೆ ಗಾಸಿಯನ್ ನಾಯ್ಸ್ (ಗಂಟೆಯಾಕಾರದ ಹಂಚಿಕೆಯ ಆಕಸ್ಮಿಕ ಏರಿಳಿತ) ಸೇರಿಸಿ ಓಡಿಸುವ ಅಭ್ಯಾಸ ಎಲ್ಲರಿಗೂ ಇದೆ. ಸರಾಸರಿಯ ಆಸುಪಾಸಿನ ಏರಿಳಿತಕ್ಕೆ ಅದು ಚೆನ್ನಾಗಿದೆ. ಅಳಿವಿಗೆ ಬೇಡ. ಆರ್ ನಾಟ್ ಒಂದಕ್ಕೆ ತೀರಾ ಹತ್ತಿರವಿದ್ದಾಗ ಬಿಟ್ಟು ಉಳಿದೆಡೆ ಅದು ಘಾತವನ್ನೇ ತಪ್ಪಾಗಿ ಕೊಡುತ್ತದೆ. ಘಾತ ತಪ್ಪಿದರೆ ಉತ್ತರ ಸಾವಿರಾರು ಪಟ್ಟು ತಪ್ಪು.

ಎರಡನೆಯದು, ನಾನು ಮೇಲೆ ಕೊಟ್ಟ 4 ಲಕ್ಷ ವರ್ಷವನ್ನು ನಿಜವಾದ ವರ್ಷ ಅಂತ ನಂಬಬೇಡಿ. ಅಲ್ಲಿರುವ ಆಕಸ್ಮಿಕತೆ ಒಬ್ಬೊಬ್ಬರ ಮಟ್ಟದ್ದು ಮಾತ್ರ. ಬರ, ನೆರೆ, ಚಳಿ ಇವು ಎಲ್ಲರನ್ನೂ ಒಟ್ಟಿಗೆ ಅಲುಗಾಡಿಸುತ್ತವೆ. ಅಂಥ ಪರಿಸರದ ಏರಿಳಿತ ಸೇರಿದಾಗ ಅಳಿವಿನ ಕಾಲ ಜನಸಂಖ್ಯೆಯ ಜೊತೆ ಘಾತವಾಗಿ ಏರುವುದಿಲ್ಲ, ತುಂಬಾ ನಿಧಾನವಾಗಿ ಏರುತ್ತದೆ ಅಂತ ರಸೆಲ್ ಲಾಂಡೆ 1993ರಲ್ಲಿ ಬರೆದರು. ವನ್ಯಜೀವಿ ಸಂರಕ್ಷಣೆಯವರು ‘ಇಷ್ಟು ಪ್ರಾಣಿ ಇದ್ದರೆ ಸಾಕು’ ಅನ್ನುವಾಗ ಯಾವ ಆಕಸ್ಮಿಕತೆಯನ್ನು ಲೆಕ್ಕಕ್ಕೆ ತಗೊಂಡಿದ್ದಾರೆ ಅಂತ ಮೊದಲು ಕೇಳಬೇಕು. ನನ್ನ ಮಟ್ಟಿಗೆ ಈ ಲೆಕ್ಕಗಳಲ್ಲಿ ನಂಬಬಹುದಾದದ್ದು ದಿಕ್ಕು ಮತ್ತು ಹೋಲಿಕೆ: ಈ ವಿಧಾನ ಆ ವಿಧಾನಕ್ಕಿಂತ ಎಷ್ಟು ಮೇಲು, ಯಾವ ಹೊತ್ತು ಯಾವ ಹೊತ್ತಿಗಿಂತ ಒಳ್ಳೆಯದು.

ಪ್ರಾಜೆಕ್ಟಿಗೆ ಹೀಗೆ ಹೋಗಿ. ಮೊದಲು ಅದಲುಬದಲಿನ ತಂತ್ರವನ್ನು 50 ಸೋಂಕಿತರ ಮಾದರಿಯಲ್ಲಿ ಬರೆದು, ಉತ್ತರ ಸರಿ ಬರುತ್ತದೋ ನೋಡಿ. ಆಮೇಲೆ 1,000 ಜನರ ಊರು. ಅದಕ್ಕೆ ಸಿಮ್ಯುಲೇಶನ್ ಬೇಕಾಗಿಯೇ ಇಲ್ಲ. ಪ್ರತಿ ಸಂಖ್ಯೆಯಿಂದ ಸೊನ್ನೆಗೆ ಹೋಗುವ ಸರಾಸರಿ ಕಾಲಕ್ಕೆ ಒಂದೊಂದು ಸಮೀಕರಣ ಬರೆದರೆ ಸಾವಿರ ಸಮೀಕರಣಗಳಾಗುತ್ತವೆ. ಪ್ರತಿಯೊಂದರಲ್ಲೂ ಅಕ್ಕಪಕ್ಕದ ಸಂಖ್ಯೆಗಳು ಮಾತ್ರ ಇರುವುದರಿಂದ ಲ್ಯಾಪ್‌ಟಾಪಿನಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಬಿಡಿಸಬಹುದು. ನನ್ನ 4 ಲಕ್ಷ ಮತ್ತು 20 ವರ್ಷವನ್ನು ಅಲ್ಲೇ ತಾಳೆ ನೋಡಿ. 1.1ರ ಹತ್ತಿರ ನನ್ನ ಸೂತ್ರ ಸ್ವಲ್ಪ ಒರಟು, ನಿಮ್ಮ ಉತ್ತರ ಒಂದಿಷ್ಟು ಆಚೀಚೆ ಬರಬಹುದು. ಇದೆಲ್ಲ ಕೂತ ಮೇಲೆ ಸೋಂಕು ತಗುಲಬಹುದಾದವರ ಸಂಖ್ಯೆಯನ್ನೂ ಋತುಮಾನವನ್ನೂ ಸೇರಿಸಿ, ಲಸಿಕೆಯ ಪಲ್ಸ್ ಹಾಕಿ. ಇಲ್ಲಿ ಕವಲೊಡೆಸುವ ವಿಧಾನ ಬೇಕಾಗುತ್ತದೆ. ಊರನ್ನು ತೀರಾ ದೊಡ್ಡದು ಮಾಡಬೇಡಿ. ಅಳಿವು ಹತ್ತು ಸಾವಿರಕ್ಕೊಂದು ಸಲ ಆಗುವಷ್ಟಿದ್ದರೆ ಸಾಕು, ನೇರವಾಗಿ ಓಡಿಸಿಯೂ ತಾಳೆ ನೋಡಬಹುದು. ಪಲ್ಸ್ ಬೀಳುವ ತಿಂಗಳನ್ನು ಜನವರಿಯಿಂದ ಡಿಸೆಂಬರ್‌ವರೆಗೆ ಒಂದೊಂದಾಗಿ ಸರಿಸುತ್ತಾ ಅಳಿವಿನ ದರವನ್ನು ಗುರುತು ಹಾಕುತ್ತಾ ಹೋಗಿ. ಲಸಿಕೆಯೇ ಹಾಕದ ಊರಿನ ದರವನ್ನು ಅದೇ ಚಿತ್ರದಲ್ಲಿ ಅಡ್ಡಗೆರೆಯಾಗಿ ಎಳೆಯಿರಿ. ಯಾವುದಾದರೂ ತಿಂಗಳ ಚುಕ್ಕೆ ಆ ಗೆರೆಗಿಂತ ಕೆಳಗೆ ಬಿದ್ದರೆ, ಪ್ರೋಗ್ರಾಂ ತಪ್ಪಿದೆ ಅಂತ ಅಳಿಸಿಹಾಕುವ ಮೊದಲು ಇನ್ನೊಮ್ಮೆ ಓಡಿಸಿ ನೋಡಿ.